ಹೋಂಸ್ಟೇ ಬೆಕ್ಕಿಗೆ ಹ್ಯಾಮ್, ಸಲಾಮಿ, ಸಾಸೇಜ್ ಕೊಡಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಡಿಕೇರಿ ಹತ್ತಿರದ ಕಾಫಿ ತೋಟದಲ್ಲಿ ಒಂದು ಸಣ್ಣ ಹೋಂಸ್ಟೇ. ನಮ್ಮ ಹೆಣ್ಣು ಬೆಕ್ಕಿಗೆ ಈಗ 11 ವರ್ಷ. ಬೆಳಗಿನ ತಿಂಡಿಗೆ ಕೆಲವು ಅತಿಥಿಗಳಿಗೆ ಬ್ರೆಡ್ಡು, ಮೊಟ್ಟೆ ಜೊತೆ ಹ್ಯಾಮ್, ಸಲಾಮಿ, ಚಿಕನ್ ಸಾಸೇಜ್ ಕೊಡುತ್ತೇವೆ. ಉಳಿದ ಚೂರು ಬೆಕ್ಕಿನ ಪಾಲು. ಅತಿಥಿಗಳೂ ತಟ್ಟೆಯಿಂದ ಹಾಕುತ್ತಾರೆ. ಈಗ ಅದು ಮೀನು ಅನ್ನವನ್ನು ಮೂಸಿಯೂ ನೋಡುವುದಿಲ್ಲ. ಹೋದ ವಾರ ಬಂದ ಒಬ್ಬರು 'ಹ್ಯಾಮ್ ಬೆಕ್ಕಿಗೆ ವಿಷ' ಅಂದರು. ನಮ್ಮತ್ತೆ ಮಾತ್ರ, 'ಬೆಕ್ಕು ಮಾಂಸ ತಿನ್ನುವ ಪ್ರಾಣಿ, ಹಂದಿ ಕರಿ ತಿಂದೇ ಬೆಳೆದಿದೆ, ಏನೂ ಆಗಲ್ಲ' ಅನ್ನುತ್ತಾರೆ. ಯಾರು ಸರಿ? ಇನ್ನೊಂದು ವಿಷಯ. ಎರಡು ತಿಂಗಳಿಂದ ಅದು ನೀರು ಜಾಸ್ತಿ ಕುಡಿಯುತ್ತಿದೆ. ಹ್ಯಾಮಿನ ಉಪ್ಪಿನಿಂದ ಇರಬಹುದಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಹ್ಯಾಮಿನ ಪ್ರಶ್ನೆ ನಾಲ್ಕು ದಿನ ಕಾಯಬಹುದು, ಇದು ಕಾಯಬಾರದು.

11 ವರ್ಷದ ಬೆಕ್ಕು ಎರಡು ತಿಂಗಳಿಂದ ನೀರು ಜಾಸ್ತಿ ಕುಡಿಯುತ್ತಿದೆ ಅಂದರೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಉಪ್ಪು ತಿಂದರೆ ಬಾಯಾರಿಕೆ ಆಗುವುದು ನಿಜ. ಆದರೆ ಈ ವಯಸ್ಸಿನಲ್ಲಿ ನಾನು ಮೊದಲು ಅನುಮಾನಿಸುವುದು ಕಿಡ್ನಿಯನ್ನು. ಆಮೇಲೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಜಾಸ್ತಿಯಾಗಿರುವುದು. ಮೂರೂ ಮುದಿ ಬೆಕ್ಕುಗಳಲ್ಲಿ ಸಾಮಾನ್ಯ, ಮೂರೂ ನೀರು ಕುಡಿಸುತ್ತವೆ. ಕಿಡ್ನಿಯ ವಿಷಯದಲ್ಲಿ ಬೆಕ್ಕು ತುಂಬಾ ದಿನ ಏನೂ ತೋರಿಸಿಕೊಳ್ಳುವುದಿಲ್ಲ. ಕಿಡ್ನಿಯ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಹೋದ ಮೇಲೇ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರುತ್ತದೆ. ಅದಕ್ಕೂ ಮೊದಲೇ ಮೂತ್ರ ತೆಳ್ಳಗಾಗುತ್ತದೆ, ನೀರಿನ ಬಟ್ಟಲು ಬೇಗ ಖಾಲಿಯಾಗುತ್ತದೆ. ಎಷ್ಟೋ ಮನೆಯವರು ಇದನ್ನು ಗಮನಿಸುವುದೇ ಇಲ್ಲ. ನೀವು ಗಮನಿಸಿದ್ದೀರಿ, ಒಳ್ಳೆಯದಾಯಿತು.

ಮನೆಯಲ್ಲೇ ಒಂದು ಲೆಕ್ಕ ಹಾಕಿ. ಬಟ್ಟಲಿಗೆ ಅಳೆದು ನೀರು ಹಾಕಿ, 24 ಗಂಟೆ ಬಿಟ್ಟು ಉಳಿದದ್ದನ್ನು ಅಳೆಯಿರಿ. ಹೀಗೆ ಮೂರು ದಿನ ಮಾಡಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ 50 ಮಿಲಿಲೀಟರ್ ದಾಟುತ್ತಿದ್ದರೆ ಅನುಮಾನ ಪಡಬೇಕು. 100 ದಾಟಿದರೆ ಖಂಡಿತ ಕಾಯಿಲೆಯ ಲಕ್ಷಣ. 4 ಕಿಲೋ ಬೆಕ್ಕಿಗೆ ಅದು 200 ಮತ್ತು 400 ಮಿಲಿಲೀಟರ್ ಆಯಿತು. ಆ ದಿನಗಳಲ್ಲಿ ಬಚ್ಚಲಿನ ಬಕೆಟ್, ಹೂಕುಂಡದ ತಟ್ಟೆ ಮುಚ್ಚಿಡಿ. ಮಳೆಗಾಲದಲ್ಲಿ ಅಂಗಳದಲ್ಲೆಲ್ಲ ನೀರಿದ್ದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಆದಷ್ಟು ಒಳಗೇ ಇಟ್ಟುಕೊಳ್ಳಿ. ಆದರೆ ಈ ಲೆಕ್ಕ ಮುಗಿಯಲಿ ಅಂತ ಆಸ್ಪತ್ರೆಗೆ ಹೋಗುವುದನ್ನು ಮುಂದೆ ಹಾಕಬೇಡಿ. ತಾಲೂಕಿನ ಪಶು ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಡುತ್ತಾರಾ ಕೇಳಿ. ಇಲ್ಲದಿದ್ದರೆ ಮೈಸೂರಿಗೆ ಹೋಗುವ ದಿನ ಜೊತೆಗೆ ಕರೆದುಕೊಂಡು ಹೋಗಿ. ಕ್ರಿಯಾಟಿನಿನ್, ಯೂರಿಯಾ, ಸಕ್ಕರೆ, ಥೈರಾಯ್ಡ್, ಮೂತ್ರದ ಸಾಂದ್ರತೆ ಇಷ್ಟನ್ನು ನೋಡಿಸಿ. ರಕ್ತದೊತ್ತಡ ಅಳೆಯುವ ಯಂತ್ರ ಇದ್ದರೆ ಅದನ್ನೂ ನೋಡಲಿ.

ರಿಪೋರ್ಟ್ ಬರುವ ತನಕ ಹ್ಯಾಮ್, ಸಲಾಮಿ, ಸಾಸೇಜ್, ಬೇಕನ್ ನಿಲ್ಲಿಸಿ. ನೀರು ಮಾತ್ರ ಕಡಿಮೆ ಮಾಡಬೇಡಿ. 'ಜಾಸ್ತಿ ಕುಡಿಯುತ್ತದೆ' ಅಂತ ಬಟ್ಟಲು ಎತ್ತಿಡುವವರಿದ್ದಾರೆ. ಕಿಡ್ನಿ ಸೋತ ಬೆಕ್ಕಿಗೆ ಅದು ಪ್ರಾಣಕ್ಕೇ ಬರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಅತಿಥಿ ಹೇಳಿದ್ದೂ ಪೂರ್ತಿ ಸರಿಯಲ್ಲ, ಅತ್ತೆ ಹೇಳಿದ್ದೂ ಪೂರ್ತಿ ಸರಿಯಲ್ಲ. ಆರೋಗ್ಯವಾಗಿರುವ ಬೆಕ್ಕು ಯಾವತ್ತೋ ಒಂದು ದಿನ ಒಂದು ಚೂರು ಹ್ಯಾಮ್ ತಿಂದರೆ ಸಾಯುವುದಿಲ್ಲ. ಗಾಬರಿಯಿಂದ ಆಸ್ಪತ್ರೆಗೆ ಓಡುವುದೂ ಬೇಡ. ಆದರೆ ದಿನಾ ಕೊಡುವ ಆಹಾರ ಅದಲ್ಲ. ಬೆಕ್ಕಿಗೆ ಮಾಂಸ ಬೇಕೇ ಬೇಕು, ಅತ್ತೆಯವರ ಮಾತು ಅಲ್ಲಿವರೆಗೆ ಸರಿ. ಟೌರಿನ್ ಅನ್ನುವ ಅಂಶ ಸಾಕಷ್ಟು ಸಿಗದಿದ್ದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅನ್ನುವುದು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಗೊತ್ತಾಯಿತು. ಟೌರಿನ್ ಇರುವುದು ಮಾಂಸ, ಮೀನಿನಲ್ಲಿ. ತರಕಾರಿ, ಅಕ್ಕಿಯಲ್ಲಿ ಇಲ್ಲ. ಹಾಗಾಗಿ ಮಾಂಸದ ಮೇಲೆ ನನ್ನ ತಕರಾರಿಲ್ಲ. ಆ ಮಾಂಸ ಕೆಡದಿರಲಿ, ಬಣ್ಣ ಚೆನ್ನಾಗಿರಲಿ, ನಮ್ಮ ನಾಲಿಗೆಗೆ ರುಚಿಯಾಗಲಿ ಅಂತ ಬೆರೆಸಿದ್ದರ ಮೇಲೆ ತಕರಾರು. ಅದೆಲ್ಲ 60 ಕಿಲೋ ತೂಗುವ ಮನುಷ್ಯನ ಅಳತೆಗೆ ಮಾಡಿದ್ದು. ತಿನ್ನುತ್ತಿರುವುದು 4 ಕಿಲೋ ಪ್ರಾಣಿ, ಅದರ ಲಿವರ್ ಕೆಲಸ ಮಾಡುವ ರೀತಿಯೇ ಬೇರೆ.

ಉಪ್ಪಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದನ್ನು ಬೇಗ ಮುಗಿಸುತ್ತೇನೆ. ಹ್ಯಾಮ್ ಪ್ಯಾಕೆಟ್ಟಿನ ಹಿಂದೆ ನೋಡಿ, 100 ಗ್ರಾಮಿಗೆ ಸೋಡಿಯಂ ಎಷ್ಟು ಅಂತ ಬರೆದಿರುತ್ತದೆ. ಸಾಮಾನ್ಯವಾಗಿ 1000 ಮಿಲಿಗ್ರಾಂ ಆಸುಪಾಸು ಇರುತ್ತದೆ. ಸಲಾಮಿಯಲ್ಲಿ ಇನ್ನೂ ಜಾಸ್ತಿ. 4 ಕಿಲೋ ಬೆಕ್ಕಿಗೆ ದಿನಕ್ಕೆ ಬೇಕಾಗುವುದು ಸುಮಾರು 40 ಮಿಲಿಗ್ರಾಂ. ಅಂದರೆ 28 ಗ್ರಾಮಿನ ಒಂದೇ ಸ್ಲೈಸಿನಲ್ಲಿ ಒಂದು ವಾರಕ್ಕೆ ಸಾಕಾಗುವಷ್ಟು ಇದೆ. ಇದನ್ನು ಓದಿ ಹೆದರಬೇಡಿ. ಕಿಡ್ನಿ ಚೆನ್ನಾಗಿದ್ದು, ಕುಡಿಯಲು ನೀರು ಇದ್ದರೆ ಬೆಕ್ಕು ಹೆಚ್ಚಿನ ಉಪ್ಪನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ತೊಂದರೆ ಇರುವುದು ಕಿಡ್ನಿ ಸೋತ, ಹೃದಯ ಸೋತ, ರಕ್ತದೊತ್ತಡ ಇರುವ ಬೆಕ್ಕಿಗೆ. ನಿಮ್ಮದು ಆ ಗುಂಪಿಗೆ ಸೇರಿರಬಹುದು ಅನ್ನುವುದಕ್ಕೇ ನಾನು ಮೊದಲು ಪರೀಕ್ಷೆಯ ಮಾತೆತ್ತಿದ್ದು. ಉಪ್ಪಿಗಿಂತ ಕಿಡ್ನಿಗೆ ಜಾಸ್ತಿ ಕೆಟ್ಟದ್ದು ಫಾಸ್ಫೇಟ್. ಮಾಂಸ ನೀರು ಹಿಡಿದುಕೊಂಡು ಮೆತ್ತಗಿರಲಿ ಅಂತ ಅದನ್ನು ಬೆರೆಸುತ್ತಾರೆ. ಪ್ಯಾಕೆಟ್ ಮೇಲೆ 450, 451, 452 ಅನ್ನುವ ನಂಬರ್ ಕಂಡರೆ ಅದೇ ಇದು. ಮಾಂಸದಲ್ಲಿ ಸಹಜವಾಗಿ ಇರುವ ರಂಜಕಕ್ಕಿಂತ (ಫಾಸ್ಫರಸ್) ಹೀಗೆ ಬೆರೆಸಿದ್ದು ಬೇಗ ರಕ್ತಕ್ಕೆ ಸೇರುತ್ತದೆ, ಬೆಕ್ಕಿನ ಕಿಡ್ನಿಗೆ ಪೆಟ್ಟು ಕೊಡುತ್ತದೆ.

ನನಗೆ ನಿಜವಾಗಿ ಭಯ ಇರುವುದು ಈರುಳ್ಳಿ, ಬೆಳ್ಳುಳ್ಳಿಯ ಮೇಲೆ. ಹ್ಯಾಮಿನಲ್ಲಿ ಕೆಲವೊಮ್ಮೆ ಇರುವುದಿಲ್ಲ. ಸಾಸೇಜು, ಸಲಾಮಿಯಲ್ಲಿ ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಪುಡಿಯ ರೂಪದಲ್ಲಿ ಇರುತ್ತದೆ. ಪ್ಯಾಕೆಟ್ ಮೇಲೆ ಕೆಲವೊಮ್ಮೆ ಬರೀ 'ಮಸಾಲೆ ಪದಾರ್ಥಗಳು' ಅಂತ ಇರುತ್ತದೆ, ಒಳಗೆ ಏನಿದೆ ಅಂತ ತಿಳಿಯುವುದಿಲ್ಲ.

ಇದು ಯಾಕೆ ಅಪಾಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದ. ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವುದೂ ಅದೇ. ಈರುಳ್ಳಿಯ ಗಂಧಕದ ಅಂಶಗಳು ಹಿಮೋಗ್ಲೋಬಿನ್ ಮೇಲೆ ಕೆಲವು ಜಾಗಗಳಲ್ಲಿ ದಾಳಿ ಮಾಡುತ್ತವೆ. ಮನುಷ್ಯನ ಹಿಮೋಗ್ಲೋಬಿನ್‌ನಲ್ಲಿ ಹಾಗೆ ಸುಲಭವಾಗಿ ಸಿಗುವ ಜಾಗ 2, ನಾಯಿಯಲ್ಲಿ 4, ಬೆಕ್ಕಿನಲ್ಲಿ 8. ಹಾಳಾದ ಹಿಮೋಗ್ಲೋಬಿನ್ ರಕ್ತಕಣದೊಳಗೆ ಗಂಟು ಕಟ್ಟುತ್ತದೆ, ಕಣ ಒಡೆಯುತ್ತದೆ. ಬೆಕ್ಕಿನ ಗುಲ್ಮ (ಸ್ಪ್ಲೀನ್, ಹಳೆಯ ರಕ್ತಕಣ ಸೋಸುವ ಅಂಗ) ಇಂಥ ಗಂಟುಗಳನ್ನು ತೆಗೆದುಹಾಕುವುದರಲ್ಲೂ ನಿಧಾನ. ನಾವು ಈರುಳ್ಳಿ ತಿಂದು ಅರಗಿಸಿಕೊಳ್ಳುತ್ತೇವೆ, ನಮ್ಮ ಕಾಲ ಬಳಿ ಕೂತ ಪ್ರಾಣಿಗೆ ಆಗುವುದಿಲ್ಲ.

ಬೆಕ್ಕಿನ ಒಂದು ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ಸ್ಪಷ್ಟ ಬದಲಾವಣೆ ಕಾಣುತ್ತದೆ. 4 ಕಿಲೋ ಬೆಕ್ಕಿಗೆ 20 ಗ್ರಾಂ, ಅಂದರೆ ಚಿಕ್ಕ ಈರುಳ್ಳಿಯ ಅರ್ಧ ಹೋಳು. ಈರುಳ್ಳಿಯಲ್ಲಿ ಹೆಚ್ಚು ಪಾಲು ನೀರೇ. ಅದನ್ನು ಒಣಗಿಸಿ ಪುಡಿ ಮಾಡಿದರೆ ಎರಡು ಗ್ರಾಂ ಪುಡಿಯೇ 20 ಗ್ರಾಂ ಈರುಳ್ಳಿಗೆ ಸಮ. ಬೆಳ್ಳುಳ್ಳಿ ಇದಕ್ಕಿಂತ ಮೂರರಿಂದ ಐದು ಪಟ್ಟು ತೀಕ್ಷ್ಣ. ಬೇಯಿಸಿದರೂ, ಹುರಿದರೂ, ಒಣಗಿಸಿದರೂ ಈ ಗುಣ ಹೋಗುವುದಿಲ್ಲ. ಒಂದು ತುಂಡು ಸಾಸೇಜಿನಲ್ಲಿ ಎರಡು ಗ್ರಾಂ ಪುಡಿ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ದಿನಾ ಸ್ವಲ್ಪ ಸ್ವಲ್ಪ ಹೋದರೂ ರಕ್ತಕಣ ಸವೆಯುತ್ತದೆ. ಈರುಳ್ಳಿ ಪುಡಿ ಬೆರೆಸಿದ ಮಗುವಿನ ಆಹಾರವನ್ನು ಕಾಯಿಲೆ ಬೆಕ್ಕುಗಳಿಗೆ ತಿನ್ನಿಸುವ ರೂಢಿ ವಿದೇಶದಲ್ಲಿ ಇತ್ತು. ಅದರಿಂದಲೇ ರಕ್ತಕಣ ಹಾಳಾಗುವುದು ಕಂಡು ಡಾಕ್ಟರುಗಳೇ ಬೇಡ ಅಂದರು.

ಇದರ ಲಕ್ಷಣ ತಿಂದ ದಿನವೇ ಕಾಣುವುದಿಲ್ಲ. ಒಂದರಿಂದ ಐದು ದಿನ ಬಿಟ್ಟು ಬರುತ್ತದೆ. ಹಾಗಾಗಿ ಮನೆಯವರಿಗೆ ಎರಡಕ್ಕೂ ಸಂಬಂಧ ಇದೆ ಅಂತಲೇ ಹೊಳೆಯುವುದಿಲ್ಲ. ಬೆಕ್ಕು ಸುಮ್ನೆ ಮೂಲೆಯಲ್ಲಿ ಮಲಗುತ್ತದೆ. ತಿನ್ನುವುದಿಲ್ಲ. ವಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಹಳದಿ. ಉಸಿರು ಜೋರಾಗುತ್ತದೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ಒಂದು ಕಂಡರೂ ಆವತ್ತೇ ಆಸ್ಪತ್ರೆ.

ಇಲ್ಲಿಗೇ ಹಂದಿ ಕರಿಯ ಮಾತು ಬರುತ್ತದೆ. ಅತ್ತೆಯವರಿಗೆ ಬೇಜಾರಾಗುವುದು ಬೇಡ, ಆದರೂ ಹೇಳಬೇಕು. ಕಾಚಂಪುಳಿಯ ಹುಳಿಯೋ ಕರಿಮೆಣಸಿನ ಖಾರವೋ ಅಲ್ಲ ಇಲ್ಲಿ ಅಪಾಯ. ಅರೆದು ಹಾಕಿದ ಈರುಳ್ಳಿ, ಬೆಳ್ಳುಳ್ಳಿ ಆ ಗಸಿಯಲ್ಲಿ ಪೂರ್ತಿ ಕರಗಿರುತ್ತದೆ. ತುಂಡು ತೊಳೆದು ಕೊಟ್ಟರೂ ಒಳಗೆ ಹಿಡಿದಿರುತ್ತದೆ. ಇಷ್ಟು ವರ್ಷ ತಿಂದೂ ಬದುಕಿದೆ ಅಲ್ವಾ ಅಂದರೆ, ತೋಟದ ಬೆಕ್ಕು ಇಲಿ, ಓತಿಕೇತ, ಮೀನು ಎಲ್ಲ ತಿನ್ನುತ್ತದೆ, ಕರಿ ಅದರ ಹೊಟ್ಟೆಗೆ ಅಪರೂಪ. ಈಗ ವಯಸ್ಸಾಗಿದೆ, ಬೇಟೆ ಕಡಿಮೆ, ತಟ್ಟೆಯ ಪಾಲು ಜಾಸ್ತಿ. ಕೈಲ್ ಮುಹೂರ್ತ, ಹುತ್ತರಿ ಸಮಯದಲ್ಲಿ ಮನೆ ತುಂಬಾ ಜನ, ಮೂರು ದಿನ ಕರಿ ಉಳಿಯುತ್ತದೆ, ಬೆಕ್ಕಿಗೂ ಮೂರು ದಿನ ಅದೇ. ಹಬ್ಬದಲ್ಲಿ ಅದಕ್ಕೂ ಕೊಡಬೇಕು ಅನ್ನುವುದು ಒಳ್ಳೆಯ ಮನಸ್ಸು. ಮಸಾಲೆ ಹಾಕುವ ಮೊದಲೇ ನಾಲ್ಕು ತುಂಡು ಎತ್ತಿಟ್ಟು ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದೆ ಚೆನ್ನಾಗಿ ಬೇಯಿಸಿ. ಕೊಬ್ಬು ತೆಗೆಯಿರಿ. ಮೂಳೆ ಬೇಡ, ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಹಸಿ ಹಂದಿ ಮಾಂಸ ಯಾವ ಕಾರಣಕ್ಕೂ ಬೇಡ, ಅದರಲ್ಲಿ ಬರುವ ಹುಳು, ಪರೋಪಜೀವಿಗಳು ಬೆಕ್ಕಿಗೂ ಮನೆಯವರಿಗೂ ತಗಲುತ್ತವೆ. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸವೂ ಬೇಡ. ಅದು ಉಪ್ಪಿನಲ್ಲೇ ಉಳಿಯುವಂಥದ್ದು, ಲೆಕ್ಕದಲ್ಲಿ ಹ್ಯಾಮಿಗಿಂತ ಕಡಿಮೆಯೇನಲ್ಲ.

ಕೆಡದಂತೆ ಹಾಕುವ ರಾಸಾಯನಿಕಗಳ ಬಗ್ಗೆ ಹೇಳುವಾಗ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹ್ಯಾಮಿನ ಗುಲಾಬಿ ಬಣ್ಣ ಸೋಡಿಯಂ ನೈಟ್ರೈಟಿನದು, ನಂಬರ್ 250. ಮನುಷ್ಯನ ಅಳತೆಯಲ್ಲಿ ಹಾಕಿದ ಹ್ಯಾಮಿನ ಒಂದು ಚೂರಿನಿಂದ ಬೆಕ್ಕಿಗೆ ನೈಟ್ರೈಟ್ ವಿಷ ಏರುವುದಿಲ್ಲ. ಆದರೆ ಅಳತೆ ತಪ್ಪಿದರೆ ಏನಾಗುತ್ತದೆ ಅನ್ನುವುದು ಗೊತ್ತಿದೆ. 1990ರ ದಶಕದಲ್ಲಿ ನ್ಯೂಜಿಲೆಂಡ್‌ನಲ್ಲಿ ನೈಟ್ರೈಟ್ ಜಾಸ್ತಿಯಾದ ಪ್ರಾಣಿ ಆಹಾರ ತಿಂದು ಬೆಕ್ಕುಗಳು ವಿಷವೇರಿ ನರಳಿದವು. ನೈಟ್ರೈಟ್ ಕೂಡ ಹಿಮೋಗ್ಲೋಬಿನ್ ಮೇಲೆಯೇ ಕೈ ಹಾಕುತ್ತದೆ. ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ, ವಸಡು ಕಂದು ಅಥವಾ ನೀಲಿಯಾಗುತ್ತದೆ. ಇದು ಗಂಟೆಗಳಲ್ಲೇ ಆಗುವಂಥದ್ದು. ಇನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದು ಮನುಷ್ಯರ ಬಗ್ಗೆ ಹೇಳಿದ್ದು. ಬೆಕ್ಕಿನ ವಿಷಯಕ್ಕೆ ಅದನ್ನು ಎಳೆದು ತರುವುದಿಲ್ಲ. ನಿಮ್ಮ ತಿಂಡಿ ಮೇಜಿಗೆ ಬೇಕಾದರೆ ಅನ್ವಯಿಸಿಕೊಳ್ಳಿ.

ಬೆಂಜೋಯೇಟ್ ಮಾತ್ರ ಬೆಕ್ಕಿಗೆ ನಿಜಕ್ಕೂ ಶತ್ರು. ನಂಬರ್ 210ರಿಂದ 213. ಬೆಂಜೋಯಿಕ್ ಆಮ್ಲವನ್ನು ಮುರಿದು ಹೊರಹಾಕುವ ಒಂದು ಮುಖ್ಯ ದಾರಿ ಬೆಕ್ಕಿನ ಲಿವರ್‌ನಲ್ಲಿ ತೀರಾ ದುರ್ಬಲ. 1971ರಲ್ಲಿ ಬ್ರಿಟನ್ನಿನಲ್ಲಿ ಬೆಂಜೋಯಿಕ್ ಆಮ್ಲ ಹಾಕಿ ಇಟ್ಟ ಮಾಂಸ ತಿಂದು 28 ಬೆಕ್ಕುಗಳು ಕಾಯಿಲೆ ಬಿದ್ದವು, ಅರ್ಧಕ್ಕಿಂತ ಹೆಚ್ಚು ಉಳಿಯಲಿಲ್ಲ. ಹ್ಯಾಮ್, ಸಲಾಮಿಯಲ್ಲಿ ಇದನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಜೊತೆಗೆ ಬರುವ ಸಾಸ್, ಸ್ಪ್ರೆಡ್, ಉಪ್ಪಿನಕಾಯಿ ಥರದವುಗಳಲ್ಲಿ ಇರುತ್ತದೆ. ಸಾಸ್ ಮೆತ್ತಿದ ಸಾಸೇಜನ್ನು ಬೆಕ್ಕಿಗೆ ಹಾಕುವವರಿಗೆ ಇದನ್ನು ಹೇಳಿ.

ಲಿವರ್‌ನ ಇದೇ ಕೊರತೆಯಿಂದಲೇ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. 'ಮೈ ಬಿಸಿ ಇದೆ, ಮಕ್ಕಳ ಜ್ವರದ ಸಿರಪ್ ಒಂದು ಚಮಚ ಹಾಕಿದೆವು' ಅಂತ ಬರುವವರು ಇನ್ನೂ ಇದ್ದಾರೆ. ಒಂದೇ ಮಾತ್ರೆ ಸಾಕು. ಮುಖ, ಪಾದ ಊದಿಕೊಂಡು, ವಸಡು ಕಂದಾಗಿ ಒಂದೆರಡು ದಿನದಲ್ಲಿ ಹೋಗಿಬಿಡುತ್ತದೆ. ದಯವಿಟ್ಟು ಬೇಡ.

ಸಲ್ಫೈಟ್ ಇನ್ನೊಂದು, 220ರಿಂದ 228. ಕೆಲವು ಕಡೆ ಹಸಿ ಸಾಸೇಜಿಗೆ ಬಣ್ಣ ಉಳಿಯಲಿ ಅಂತ ಹಾಕುತ್ತಾರೆ. ಇದು ಬಿ1 ವಿಟಮಿನ್ನನ್ನು ನಾಶ ಮಾಡುತ್ತದೆ. ಅದನ್ನೇ ಊಟವಾಗಿ ವಾರಗಟ್ಟಲೆ ತಿಂದ ಬೆಕ್ಕು ತಲೆ ಕೆಳಗೆ ಬಗ್ಗಿಸಿಕೊಂಡು ತೂರಾಡುತ್ತದೆ, ಪಾಪೆ ಹಿಗ್ಗುತ್ತದೆ, ಫಿಟ್ಸ್ ಬರುತ್ತದೆ. ಬೇಗ ಗೊತ್ತಾದರೆ ಇಂಜೆಕ್ಷನ್‌ನಿಂದ ಚೇತರಿಸಿಕೊಳ್ಳುತ್ತದೆ.

ಪ್ಯಾಕೆಟ್ಟಿನ ಒಳಗಿನದಷ್ಟೇ ಹೊರಗಿನದೂ ಮುಖ್ಯ. ಸುತ್ತಿಟ್ಟ ಹ್ಯಾಮಿಗೆ ದಾರ ಅಥವಾ ಬಲೆ ಕಟ್ಟಿರುತ್ತಾರೆ. ಸಲಾಮಿಗೆ ತಿನ್ನಲಾಗದ ಪ್ಲಾಸ್ಟಿಕ್ ಸಿಪ್ಪೆ, ತುದಿಯಲ್ಲಿ ಲೋಹದ ಕ್ಲಿಪ್ ಇರುತ್ತದೆ. ಮಾಂಸದ ವಾಸನೆ ಹಿಡಿದ ದಾರ ಬೆಕ್ಕಿಗೆ ತಿಂಡಿಯೇ. ಅದರ ನಾಲಿಗೆ ಮೇಲೆ ಒಳಮುಖವಾಗಿ ಬಾಗಿದ ಮುಳ್ಳುಗಳಿವೆ. ದಾರ ಒಮ್ಮೆ ಸಿಕ್ಕಿಕೊಂಡರೆ ಉಗಿಯಲು ಬರುವುದಿಲ್ಲ, ನುಂಗುವುದೊಂದೇ ದಾರಿ. ದಾರದ ಒಂದು ತುದಿ ನಾಲಿಗೆ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ ಉಳಿದದ್ದು ಕರುಳಿನಲ್ಲಿ ಮುಂದೆ ಹೋಗುತ್ತದೆ. ಕರುಳು ಲಂಗದ ನೆರಿಗೆಯ ಹಾಗೆ ಸುಕ್ಕಾಗಿ, ದಾರ ಅದನ್ನು ಕುಯ್ಯುತ್ತದೆ. ಇದಕ್ಕೆ ಆಪರೇಷನ್ ಬಿಟ್ಟು ಬೇರೆ ದಾರಿ ಇರುವುದು ಕಡಿಮೆ. ಬಾಯಿಯಿಂದಲೋ ಹಿಂದಿನಿಂದಲೋ ದಾರ ಇಣುಕಿದರೆ ಎಳೆಯಬೇಡಿ. ಎಳೆದರೆ ಕರುಳು ಹರಿಯುತ್ತದೆ. ಹಾಗೇ ಆಸ್ಪತ್ರೆಗೆ ತನ್ನಿ. ಅಡುಗೆಮನೆಯ ಕಸದ ಡಬ್ಬಿಗೆ ಗಟ್ಟಿ ಮುಚ್ಚಳ ಹಾಕಿಸಿ. ಹ್ಯಾಮಿನ ಉಪ್ಪಿಗಿಂತ ಹ್ಯಾಮಿನ ದಾರ ಬೇಗ ಕೊಲ್ಲುತ್ತದೆ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಒಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು, ಲೈನ್ ಹರಿದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಗೊತ್ತೇ ಇದೆ. ಹ್ಯಾಮ್, ಸಲಾಮಿ ಪ್ಯಾಕೆಟ್ ಒಡೆದ ಮೇಲೆ ಫ್ರಿಜ್ಜಿನಲ್ಲೂ ಮೂರರಿಂದ ಐದು ದಿನ ಅಷ್ಟೇ. ಫ್ರಿಜ್ ಆರಿ 5 ಡಿಗ್ರಿ ದಾಟಿತು ಅಂದರೆ ಲೆಕ್ಕ ಗಂಟೆಗಳಿಗೆ ಇಳಿಯುತ್ತದೆ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಅದರಿಂದ ಬೆಕ್ಕಿಗಿಂತ ಗರ್ಭಿಣಿಯರಿಗೆ ಅಪಾಯ ಜಾಸ್ತಿ. 'ಅತಿಥಿಗೆ ಕೊಡುವ ಹಾಗಿಲ್ಲ, ಬೆಕ್ಕಿಗೆ ಹಾಕು' ಅನ್ನುವುದು ಮಾತ್ರ ಬೇಡ. ವಾಸನೆ ಬಂದ ಮಾಂಸ ಬೆಕ್ಕಿಗೂ ವಾಂತಿ, ಭೇದಿ ತರುತ್ತದೆ. ಮಣ್ಣಲ್ಲಿ ಆಳವಾಗಿ ಹೂತುಬಿಡಿ.

ತಿನ್ನಬಾರದ್ದನ್ನು ತಿಂದುಬಿಟ್ಟಿತು ಅಂದಾಗ ಮನೆಯಲ್ಲಿ ಮಾಡುವ ಒಂದು ತಪ್ಪಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಹ್ಯಾಮಿನಿಂದ ಬರದ ಉಪ್ಪಿನ ವಿಷ ಈ ಉಪ್ಪುನೀರಿನಿಂದ ಬರುತ್ತದೆ. ತೂರಾಡಿ, ನಡುಗಿ, ಫಿಟ್ಸ್ ಬಂದು ಸತ್ತ ಪ್ರಾಣಿಗಳಿವೆ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಅಂತ ಬರೆದುಕೊಂಡು, ಪ್ಯಾಕೆಟ್ ಹಿಂಬದಿಯ ಫೋಟೋ ತೆಗೆದುಕೊಂಡು ಡಾಕ್ಟರಿಗೆ ಫೋನ್ ಮಾಡಿ. ಮಳೆಯಲ್ಲಿ ಘಟ್ಟ ಇಳಿಯುವ ಮೊದಲು ಆ ಒಂದು ಫೋಟೋ ತುಂಬಾ ಉಪಕಾರಕ್ಕೆ ಬರುತ್ತದೆ.

ಇನ್ನು ಮೀನು ಅನ್ನ ಮೂಸಿಯೂ ನೋಡದ ವಿಷಯ. 'ಹಸಿದರೆ ತಾನೇ ತಿನ್ನುತ್ತದೆ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾಯಿಗೆ ಆ ಮಾತು ನಡೆಯಬಹುದು. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ. ಲಿವರ್ ಸೋಲುತ್ತದೆ, ಹಳದಿ ಕಾಮಾಲೆಯಾಗುತ್ತದೆ. ಅದನ್ನು ಉಳಿಸಲು ವಾರಗಟ್ಟಲೆ ನಳಿಕೆಯಲ್ಲಿ ಊಟ ಕೊಡಬೇಕು. ಹಾಗಾಗಿ ಹಟ ಹಿಡಿಯುವ ಆಟ ಆಡಬೇಡಿ. 24 ಗಂಟೆ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಹೇಳಿ, 48 ಗಂಟೆ ದಾಟಿಸಬೇಡಿ.

ಊಟ ಬಿಟ್ಟಿರುವುದು ಹ್ಯಾಮಿನ ರುಚಿಯಿಂದ ಅಂತ ಮಾತ್ರ ಅಂದುಕೊಳ್ಳಬೇಡಿ. ಕಿಡ್ನಿ ಸೋತರೆ ಹೊಟ್ಟೆ ತೊಳೆಸಿದ ಹಾಗಾಗಿ ಊಟ ಸೇರುವುದಿಲ್ಲ. ಹಲ್ಲು ನೋವಿದ್ದರೂ ಹೀಗೇ ಮಾಡುತ್ತದೆ, ಮೆತ್ತಗಿನ ಹ್ಯಾಮ್ ತಿಂದು ಉಳಿದದ್ದು ಬಿಡುತ್ತದೆ. ಡಾಕ್ಟರ್ ಬಾಯಿಯನ್ನೂ ತೆರೆದು ನೋಡಲಿ.

ಬರೀ ರುಚಿಯ ಸಮಸ್ಯೆ ಆದರೆ ಹತ್ತು ಹದಿನೈದು ದಿನದಲ್ಲಿ ಬದಲಾಯಿಸಬಹುದು. ಬೆಕ್ಕಿಗೆ ಸಿಹಿ ತಿಳಿಯುವುದಿಲ್ಲ, ಸಿಹಿ ಗುರುತಿಸುವ ಅದರ ಜೀನ್ ಕೆಟ್ಟಿದೆ ಅಂತ 2005ರಲ್ಲಿ ಗೊತ್ತಾಯಿತು. ಮಾಂಸದ ರಸ, ಕೊಬ್ಬಿನ ವಾಸನೆ ಅದಕ್ಕೆ ಎಲ್ಲಕ್ಕಿಂತ ದೊಡ್ಡದು. ಮೂಳೆ ಇಲ್ಲದ ಕೋಳಿಯನ್ನು ಉಪ್ಪು, ಈರುಳ್ಳಿ, ಅರಿಸಿನ ಏನೂ ಇಲ್ಲದೆ ಸ್ವಲ್ಪ ನೀರಿನಲ್ಲಿ ಬೇಯಿಸಿ. ಆ ನೀರನ್ನು ಚೆಲ್ಲಬೇಡಿ, ಟೌರಿನ್ ಅದರಲ್ಲಿ ಇಳಿದಿರುತ್ತದೆ. ಮೊದಲು ಆ ಕೋಳಿಯನ್ನೇ ಉಗುರು ಬೆಚ್ಚಗೆ ಕೊಡಿ. ಫ್ರಿಜ್ಜಿನಿಂದ ತೆಗೆದ ತಣ್ಣಗಿನದು ಬೇಡ, ವಾಸನೆ ಏಳುವುದಿಲ್ಲ. ತಿನ್ನಲು ಶುರು ಮಾಡಿದ ಮೇಲೆ ಅದರ ಜೊತೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ದಿನದಿಂದ ದಿನಕ್ಕೆ ಸ್ವಲ್ಪ ಜಾಸ್ತಿ ಮಾಡುತ್ತಾ ಬನ್ನಿ. ಪೌಚಿನಲ್ಲಿ ಬರುವ ಒದ್ದೆ ಆಹಾರ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ನೀರಿನ ಅಂಶ ಹೆಚ್ಚು. ಮೀನು ಅನ್ನ ನಿಮ್ಮ ಮನೆಯ ರೂಢಿ ಆದರೆ ಮುಂದುವರಿಸಿ, ಆದರೆ ಅನ್ನ ಕಡಿಮೆ, ಬೆಂದ ಮೀನು ಜಾಸ್ತಿ, ಮೀನು ಸಾರಿನ ಮಸಾಲೆ ಬೇಡ. ಬರೀ ಕೋಳಿ ಮಾಂಸವನ್ನೇ ತಿಂಗಳಾನುಗಟ್ಟಲೆ ಕೊಟ್ಟರೂ ಸಾಲದು, ಸುಣ್ಣದ ಅಂಶ ಸಿಗುವುದಿಲ್ಲ. ಕೋಳಿಯ ಹೃದಯ ಟೌರಿನ್‌ಗೆ ಒಳ್ಳೆಯದು, ಲಿವರ್ ಮಾತ್ರ ವಾರಕ್ಕೊಮ್ಮೆ ಚೂರು ಅಷ್ಟೇ.

ಕೋಳಿಯನ್ನೂ ಮುಟ್ಟದೆ ಪೂರ್ತಿ ಉಪವಾಸ ಕೂತರೆ, ಹ್ಯಾಮನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿ, ಉಗುರಿನಷ್ಟು ಚೂರನ್ನು ಪುಡಿ ಮಾಡಿ ಊಟದ ಮೇಲೆ ಉದುರಿಸಿ. ಸಾಸೇಜ್, ಸಲಾಮಿ ಬೇಡ, ಈರುಳ್ಳಿ ಬೆಳ್ಳುಳ್ಳಿ ನೆನೆಸಿದರೆ ಹೋಗುವುದಿಲ್ಲ. ಒಂದೆರಡು ದಿನದ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಆ ಹೊತ್ತಿನಲ್ಲಿ ಏನಾದರೂ ತಿನ್ನುವುದು ಮುಖ್ಯ. ಮಾತ್ರೆ ನುಂಗಿಸಲು ಹ್ಯಾಮಿನಲ್ಲಿ ಸುತ್ತುವ ಅಭ್ಯಾಸವನ್ನು ಮಾತ್ರ ಬಿಡಿ. ಹೃದಯದ, ರಕ್ತದೊತ್ತಡದ ಮಾತ್ರೆಯನ್ನು ದಿನಾ ಎರಡು ಹೊತ್ತು ಉಪ್ಪಿನ ಮಾಂಸದಲ್ಲಿ ಕೊಟ್ಟರೆ ಮಾತ್ರೆಯ ಕೆಲಸವೇ ಕೆಡುತ್ತದೆ. ಬೇಯಿಸಿ ಹಿಸುಕಿದ ಕೋಳಿ ಅಥವಾ ಮೀನಿನ ಉಂಡೆ ಸಾಕು.

ಅತಿಥಿಗಳನ್ನು ತಡೆಯುವುದು ನಿಮಗೆ ಕಷ್ಟ ಅಂತ ಅರ್ಥವಾಗುತ್ತದೆ. ಬೆಕ್ಕಿಗೆ ಕೈಯಾರೆ ತಿನ್ನಿಸುವುದು ಅವರಿಗೂ ಸಂತೋಷ. ಆದರೆ ನಾಲ್ಕು ಮೇಜಿನವರು ತಲಾ ಒಂದು ಚೂರು ಕೊಟ್ಟರೆ, ಯಾರ ಕಣ್ಣಿಗೂ ಜಾಸ್ತಿ ಅನ್ನಿಸುವುದಿಲ್ಲ, ಬೆಕ್ಕಿನ ಹೊಟ್ಟೆಯಲ್ಲಿ ಮಾತ್ರ ಸೇರಿಕೊಳ್ಳುತ್ತದೆ. 4 ಕಿಲೋ ಬೆಕ್ಕಿಗೆ ಇಡೀ ದಿನಕ್ಕೆ ಬೇಕಾದದ್ದು 200ರಿಂದ 250 ಕ್ಯಾಲೊರಿ. 40-50 ಗ್ರಾಂ ತೂಕದ ಒಂದು ಸಾಸೇಜಿನಲ್ಲಿ ನೂರರ ಆಸುಪಾಸು ಇರುತ್ತದೆ. ತಿಂಡಿ ತಿನಿಸು ಎಲ್ಲ ಸೇರಿ ದಿನದ ಹತ್ತರಲ್ಲಿ ಒಂದು ಪಾಲು ಮೀರಬಾರದು, ಅಂದರೆ 20-25 ಕ್ಯಾಲೊರಿ. ಅದಕ್ಕೆ ಹೀಗೆ ಮಾಡಿ. ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಎಳೆಗಳನ್ನು 15 ಗ್ರಾಂ, ಸುಮಾರು ಒಂದು ದೊಡ್ಡ ಚಮಚದಷ್ಟು, ಚಿಕ್ಕ ಮುಚ್ಚಳದ ಡಬ್ಬಿಯಲ್ಲಿ ತಿಂಡಿ ಮೇಜಿನ ಮೇಲೆ ಇಡಿ. 'ಬೆಕ್ಕಿಗೆ ಇದರಿಂದ ಮಾತ್ರ ಕೊಡಿ' ಅಂತ ಚೀಟಿ ಅಂಟಿಸಿ. ಯಾರು ಬೇಕಾದರೂ ಕೊಡಲಿ. ಡಬ್ಬಿ ಖಾಲಿಯಾದರೆ ಮರುದಿನದ ತನಕ ತುಂಬಬೇಡಿ. ರಿಪೋರ್ಟಿನಲ್ಲಿ ಕಿಡ್ನಿ ತೊಂದರೆ ಬಂದರೆ ಡಬ್ಬಿಯಲ್ಲಿ ಏನಿಡಬೇಕು ಅಂತ ಡಾಕ್ಟರನ್ನು ಕೇಳಿ ಬದಲಾಯಿಸಿ, ಆಗ ರಂಜಕ ಕಡಿಮೆ ಇರುವ ಬೇರೆ ಆಹಾರ ಬೇಕಾಗುತ್ತದೆ. ಪರೀಕ್ಷೆಗೆ ಹೋಗುವ ಬೆಳಗ್ಗೆ ಮಣ್ಣು ತೆಗೆದು ತೊಳೆದ ಖಾಲಿ ಟ್ರೇ ಇಟ್ಟರೆ ಮೂತ್ರ ಸಿಗುತ್ತದೆ. ಅದನ್ನು ಶುಭ್ರವಾದ ಬಾಟಲಿಯಲ್ಲಿ ಹಾಕಿ, ಮೂರು ದಿನದ ನೀರಿನ ಲೆಕ್ಕದ ಚೀಟಿಯೊಂದಿಗೆ ತೆಗೆದುಕೊಂಡು ಹೋಗಿ.